ಕಾಸಿ ಆರಿಸಿದ ನೀರು

“ಇದರ ಮುಂದ ಏನಿತ್ತು?”

ಒಲೆಯ ಮುಂದೆ ಕುಳಿತ ರಾಜಮತಿ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಮನೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ. ಗಂಡ ಭೀಮಗೊಂಡ ಹೊಳೆದಂಡೆಗೆ ಹೋಗಿದ್ದ. ಕೃಷ್ಣೆ ಏರತೊಡಗಿದರೆ ಕಬ್ಬಿಗೆ ನೀರೆತ್ತುವ ಮೋಟರನ್ನು ಮೇಲಕ್ಕೆ ಎಳೆದಿಡಬೇಕು. ಗಂಡನ ಅಕ್ಕ ಚಂದ್ರಮತಿ ಜಿನಬಸ್ತಿಗೆ ಹೋಗಿದ್ದಳು. ಒಲೆಯ ಮೇಲಿನ ಬೇಳೆಯೊಂದೇ ಕೇಳಿದ್ದಕ್ಕೆ ಗೊಜಗೊಜ ಎಂದು ಏನೋ ಉತ್ತರ ಕೊಟ್ಟಿತು.

ಬಾಗಿಲಿಗೆ ಬಂದಾತ ಬಲ್ಲವನಾದರೂ
ಕೂಗಲು ಹೆಸರಿಲ್ಲವಾಯ್ತು

ಅಲ್ಲಿಗೆ ನಿಂತುಬಿಟ್ಟಿತ್ತು. ಇನ್ನೆರಡು ಸಾಲು ಇರಬೇಕು. ಆ ಸಾಲುಗಳ ಎರಡನೆಯ ಅಕ್ಷರವೂ ‘ಗ’ಕಾರವೇ ಎಂಬುದು ನಾಲಗೆಗೆ ಗೊತ್ತಿತ್ತು. ತೂಗಿ, ಬೀಗಿ, ಹೋಗಿ ಎಂದು ಒಂದೊಂದೇ ಮಾತನ್ನು ಕರೆದು ನೋಡಿದಳು. ಬಂದವು, ಹೊಸಿಲಲ್ಲಿ ನಿಂತವು, ತಮ್ಮ ಮನೆ ಇದಲ್ಲವೆಂದು ತಿರುಗಿ ಹೋದವು. ಮರೆತಿದ್ದಾಳೆ ಅನ್ನುವ ಹಾಗೂ ಇರಲಿಲ್ಲ. ಹಗೇವಿನ ತಳದಲ್ಲಿ ಜೋಳ ಇದೆ ಎಂದು ಗೊತ್ತಿದ್ದೂ ಕೈ ಅಷ್ಟು ಆಳಕ್ಕೆ ಇಳಿಯದಿದ್ದರೆ ಹೇಗೆ, ಹಾಗೆ.

ಅದು ಒಬ್ಬ ವ್ಯಾಪಾರಿಯ ಹೆಂಡತಿಯ ಕತೆ. ಗಂಡ ದೇಶಾಂತರ ಹೋದವನು ದಾರಿಯಲ್ಲೇ ಎಲ್ಲವನ್ನೂ ಬಿಟ್ಟು ಮುನಿಯಾಗುತ್ತಾನೆ. ಇತ್ತ ಇವಳು ದಿನವೂ ದೀಪ ಹಚ್ಚಿ ದಾರಿ ಕಾಯುತ್ತಾಳೆ. ಕೊನೆಗೊಂದು ದಿನ ಅವನು ಆಹಾರಕ್ಕೆಂದು ಅದೇ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಗುರುತು ಸಿಕ್ಕರೂ ಹೆಸರು ಹಿಡಿದು ಕರೆಯುವಂತಿಲ್ಲ; ‘ಸ್ವಾಮಿ, ನಿಲ್ಲಿ’ ಎಂದಷ್ಟೇ ಅನ್ನಬೇಕು. ಉಗಾರ ಬುದ್ರುಕದ ಬಸ್ತಿಯಲ್ಲಿ ಭಾದ್ರಪದದ ಹತ್ತು ದಿನದ ಪರ್ವ ಮುಗಿಯುವ ಅನಂತ ಚತುರ್ದಶಿಯ ಸಂಜೆ, ಈ ಸಂಧಿಯನ್ನು ಹೇಳದೆ ಜನ ಮನೆಗೆ ಹೋಗುತ್ತಿರಲಿಲ್ಲ. ಐನಾಪುರದ ತವರಿನಿಂದ ಸೊಸೆಯಾಗಿ ಬಂದ ವರ್ಷದಿಂದ ಅದನ್ನು ಹೇಳುತ್ತಿದ್ದವಳು ರಾಜಮತಿ.

ಹೇಳುವುದಕ್ಕೂ ಒಂದು ಪದ್ಧತಿ ಇತ್ತು. ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಪೀಠದ ಮೇಲೆ ಇಡುತ್ತಾರೆ, ಬಿಚ್ಚುವುದಿಲ್ಲ. ಬಾಯಿಪಾಠದ ನಿಯಮ ತೊಟ್ಟವರು ಅದರ ಮುಂದೆ ಕುಳಿತು ಆದಿಯಿಂದ ಅಂತ್ಯದವರೆಗೆ ಹೇಳಬೇಕು. ನಡುವೆ ತಡೆದರೆ ಯಾರೂ ಮಾತು ಎತ್ತಿಕೊಡಬಾರದು. ‘ಎತ್ತಿಕೊಟ್ಟ ಮಾತು ಎಂಜಲ ಮಾತು’ ಎಂದು ಹಿರಿಯರು ಹೇಳಿಟ್ಟಿದ್ದರು. ಬರುವತನಕ ಕಾಯಬೇಕು; ಬಾರದಿದ್ದರೆ ಕೈಮುಗಿದು ಏಳಬೇಕು. ಮದುವೆಗೆ ಮುಂಚೆಯೇ ಮುನಿ ಮಹಾರಾಜರ ಮುಂದೆ ಅಕ್ಕಿ ಹಿಡಿದು ರಾಜಮತಿ ಆ ನಿಯಮ ತೊಟ್ಟಿದ್ದಳು. ಆಗ ಅವಳಿಗೆ ತನ್ನ ಬಾಯಿ ಎಂದಾದರೂ ತನ್ನ ಮಾತು ಕೇಳದೆ ಹೋದೀತೆಂಬ ಅನುಮಾನ ಎಲ್ಲಿಂದ ಬರಬೇಕು?

ಬೇಳೆ ಉಕ್ಕಿ ಒಲೆಗೆ ಬಿತ್ತು. ಎದ್ದು ಪಾತ್ರೆ ಇಳಿಸಬೇಕೆಂದುಕೊಂಡಳು. ಅಂದುಕೊಂಡದ್ದು ಕಾಲಿಗೆ ತಲುಪುವುದರೊಳಗೆ ಅರ್ಧ ಬೇಳೆ ಬೂದಿಯಾಗಿತ್ತು.

ದಣಿವು ಅವಳಿಗೆ ಹೊಸದಲ್ಲ. ಕಬ್ಬು ಕಡಿಯುವ ದಿನಗಳಲ್ಲಿ ಆಳುಗಳಿಗೆಲ್ಲ ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಹೋದವಳು. ಆ ದಣಿವು ಕೆಲಸ ಮುಗಿದ ಮೇಲೆ ಬರುತ್ತಿತ್ತು, ಒಳ್ಳೆಯ ನಿದ್ದೆ ಕೊಟ್ಟು ಹೋಗುತ್ತಿತ್ತು. ಈ ದಣಿವು ಕೆಲಸಕ್ಕಿಂತ ಮೊದಲೇ ಬಂದು ಕೂಡುತ್ತಿತ್ತು. ಬೆಳಗ್ಗೆ ಕಣ್ಣು ತೆರೆದರೆ ಹಾಸಿಗೆಯ ಅಂಚಿನಲ್ಲಿ ಕರೆಯದ ಬೀಗರ ಹಾಗೆ ಹಾಜರು. ಮೈ ಒದ್ದೆ ಅರಳೆಯಾಗುತ್ತಿತ್ತು. ಮೈಯಷ್ಟೇ ಆಗಿದ್ದರೆ ಸಹಿಸುತ್ತಿದ್ದಳು. ಅದು ಬುದ್ಧಿಯ ಮೇಲೂ ಕೂಡುತ್ತಿತ್ತು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರದೂ ತಿಳಿಯುತ್ತಿರಲಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂದು ನೆನೆಯುವುದರಲ್ಲೇ ಅರ್ಧ ಶಕ್ತಿ ಸೋರಿಹೋಗುತ್ತಿತ್ತು.

ಮೊದಮೊದಲು ಅವಳೂ ಅದನ್ನು ತನ್ನ ಆಲಸ್ಯವೆಂದೇ ತಿಳಿದಿದ್ದಳು. ಪ್ರಾಯಶ್ಚಿತ್ತಕ್ಕೆಂದು ಒಪ್ಪತ್ತು ಹಿಡಿದಳು, ಉಪವಾಸ ಮಾಡಿದಳು. ಓಣಿಯವರು ತಮಗೆ ತೋಚಿದ್ದು ಆಡಿದರು. ಎಡಗಣ್ಣು ಮಂಜಾಗಿ, ಕಾಲು ಜೋಮು ಹಿಡಿದ ಮೇಲೆ ಭೀಮಗೊಂಡ ಮಿರಜಕ್ಕೆ ಕರೆದೊಯ್ದ. ಅಲ್ಲಿಂದ ಪುಣೆಗೆ ಕಳಿಸಿ ತಲೆಯ ಫೋಟೋ ತೆಗೆಸಿದರು. ತೊಂಬತ್ತೊಂದರ ಚಳಿಗಾಲದಲ್ಲಿ ಮಿರಜದ ಡಾಕ್ಟರರು ಅದಕ್ಕೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆಸರಿಟ್ಟು, ಮರಾಠಿಯಲ್ಲಿ ತಿಳಿಯಹೇಳಿದರು: ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ, ಪೂರ್ತಿ ಗುಣವಾಗುವ ಔಷಧ ಇಲ್ಲ, ದಣಿವೂ ಮರೆವೂ ಅದರದೇ ಮಕ್ಕಳು, ಇದು ಸೋಮಾರಿತನವಲ್ಲ.

“ಹಂಗಂದ್ರ ಮೋಟರಿನ ವೈರ್ ಇಲಿ ಕಡದಂಗಾತ್ರಿ,” ಎಂದಿದ್ದ ಭೀಮಗೊಂಡ. “ಕರೆಂಟ ಹೊಂಟಿರತೈತಿ, ಮೋಟರಿಗೆ ಮುಟ್ಟಂಗಿಲ್ಲ.”

“ಬರೋಬರ್,” ಎಂದಿದ್ದರು ಡಾಕ್ಟರರು. ಆಮೇಲೆ ರಾಜಮತಿಯ ಕಡೆ ತಿರುಗಿ, ಬಿಸಿಲಿಗೆ, ಬಿಸಿನೀರಿಗೆ ತ್ರಾಸು ಹೆಚ್ಚಾಗುತ್ತದೆಯೇ ಎಂದು ಕೇಳಿದರು. ಅವಳು ಯೋಚಿಸಿ ಬಾಯಿ ತೆರೆಯುವುದರೊಳಗೆ ಜೊತೆಗೆ ಬಂದಿದ್ದ ಚಂದ್ರಮತಿ, “ಇಲ್ರೀ ಸಾಹೇಬ್ರ, ಬಿಸಿನೀರ ಒಂದ ಅಕಿಗೆ ಆಸರಾ,” ಎಂದು ಉತ್ತರ ಕೊಟ್ಟಾಗಿತ್ತು.

ಹಾಗೆ ಹೇಳಲು ಚಂದ್ರಮತಿಗೆ ಹಕ್ಕಿತ್ತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು ಈ ನಾದಿನಿ. ಮಕ್ಕಳಿಲ್ಲದ ಆ ಮನೆಯಲ್ಲಿ ರಾಜಮತಿಯನ್ನೇ ಮಗಳೆಂದುಕೊಂಡಿದ್ದಳು. ಅವಳ ಕಾಲು ಜೋಮು ಹಿಡಿದಂದಿನಿಂದ ನಸುಕಿನಲ್ಲೇ ಎದ್ದು ಹಂಡೆಗೆ ಉರಿ ಹಾಕಿ, ಬೇವಿನ ಸೊಪ್ಪು ಕುದಿಸಿ, ಕೈ ಇಟ್ಟರೆ ಚುರುಕ್ ಅನ್ನುವಂಥ ನೀರನ್ನು ತಾನೇ ಎರೆಯುತ್ತಿದ್ದಳು. ಅನಂತ ಚತುರ್ದಶಿಯ ಸಂಜೆಗಂತೂ, ಬಸ್ತಿಗೆ ಹೋಗುವ ಮುಂಚಿನ ಮಡಿಸ್ನಾನಕ್ಕೆ ಇನ್ನೊಂದು ಹಿಡಿ ಕಬ್ಬಿನ ಒಣ ರವದಿ ಹೆಚ್ಚಿಗೆ ತುರುಕಿ ನೀರು ಕಾಸುತ್ತಿದ್ದಳು. “ಮೈ ಹಗರ ಆಗಲಿ, ದನಿ ಬಿಚ್ಚಲಿ,” ಎನ್ನುತ್ತಿದ್ದಳು. ಆದರೂ ಎರಡು ವರ್ಷದ ಹಿಂದೆ ರಾಜಮತಿ ನಡುವೆ ತಡೆದು ಕೈಮುಗಿದು ಎದ್ದಳು. ಹೋದ ವರ್ಷ ಪೀಠದ ಮುಂದೆ ಹೋಗಿ ಕೂಡಲೂ ಆಗಲಿಲ್ಲ. ಹೆಂಗಸರ ನಡುವೆ ಗೋಡೆಗೆ ಆನಿಕೊಂಡು, ಸುತ್ತಿದ ಪುಸ್ತಕವನ್ನು ನೋಡುತ್ತ ಕುಳಿತಿದ್ದಳು. ಅಂದು ಸಂಧಿ ಹೇಳುವವರೇ ಇರಲಿಲ್ಲ. ಮಂಗಳಾರತಿ ಮಾಡಿ ಎಲ್ಲರೂ ಮನೆಗೆ ಹೋದರು.

ಅದಕ್ಕೇ ಈ ತೊಂಬತ್ತೆರಡರ ಶ್ರಾವಣದಲ್ಲಿ, ಬಸ್ತಿಯ ಹಿರಿಯ ರಾವಸಾಹೇಬರು ಮನೆಗೆ ಬಂದಾಗ ಯಾಕೆ ಬಂದರೆಂದು ಕೇಳುವ ಅಗತ್ಯ ಬೀಳಲಿಲ್ಲ. ನೀರು ಕುಡಿದು, ಮಳೆಯ ಮಾತಾಡಿ, ಕಬ್ಬಿನ ಮಾತಾಡಿ, ಕೊನೆಗೆ ಅವರು ಗಂಟಲು ಸರಿಮಾಡಿಕೊಂಡರು.

“ರಾಜವ್ವಾ, ಶಾಂತಿನಾಥ ನಿಪ್ಪಾಣಿಯಿಂದ ಟೇಪ್ ತಂದು ನಿನ್ನ ದನಿ ತುಂಬಿಕೊಂಡಿದ್ನಲ್ಲ, ಆ ಕ್ಯಾಸೆಟ್ ಐತೇನು?”

“ಐತ್ರಿ ಕಾಕಾ.”

ಶಾಂತಿನಾಥ ಅವಳ ಮೈದುನ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸ. ಎಂಬತ್ತೈದರ ಚತುರ್ದಶಿಗೆ ಬಂದವನು ಇಡೀ ಸಂಧಿಯನ್ನು ಕ್ಯಾಸೆಟ್ಟಿಗೆ ಇಳಿಸಿದ್ದ. ಅವಳ ಮೈಯಲ್ಲಿ ಈ ಬೇನೆ ಕಾಲಿಡುವ ಮುಂಚಿನ ವರ್ಷ ಅದು.

“ಅದನ್ನ ಹಚ್ಚಿದ್ರ ಹೆಂಗ? ನಿನಗೂ ತ್ರಾಸ ಇಲ್ಲ, ಜನಕ್ಕೂ ಕೇಳಿಧಾಂಗ ಆತು. ಮಂದಿ ಮಾತು ಎತ್ತಿಕೊಟ್ರ ಎಂಜಲ. ಇದು ನಿನ್ನದ ಬಾಯಿ, ನಿನ್ನದ ದನಿ. ದೋಷ ಇಲ್ಲ, ನಾ ವಿಚಾರ ಮಾಡೇನಿ.”

“ಈ ವರ್ಷ ನಾನ ಹೇಳತೇನ್ರಿ,” ಎಂದಳು ರಾಜಮತಿ.

ರಾವಸಾಹೇಬರು ಅವಳ ಮುಖ ನೋಡಿದರು, ಭೀಮಗೊಂಡನ ಮುಖ ನೋಡಿದರು. “ಆತವ್ವಾ, ಹೇಳು. ಕ್ಯಾಸೆಟ್ಟೂ ಬಾಜೂಕ ಇರಲಿ. ಇದ್ರ ಏನ ಕೂಳ ಕೇಳತೈತಿ?”

ಮಧ್ಯಾಹ್ನಗಳಲ್ಲಿ ಅವಳೂ ಆ ಕ್ಯಾಸೆಟ್ ಹಾಕಿಕೊಳ್ಳುತ್ತಿದ್ದಳು. ಮರೆತ ಸಾಲನ್ನು ತನ್ನಿಂದಲೇ ಕಲಿಯಲು. ಸುಯ್ಯೆನ್ನುವ ಸದ್ದು, ಯಾರದೋ ಕೆಮ್ಮು, ಆಮೇಲೆ ಆ ದನಿ. ಮೊದಲ ಮಳೆಗೆ ಕಾಲುವೆಯಲ್ಲಿ ನೀರು ಬಂದ ಹಾಗೆ ಬರುತ್ತಿತ್ತು, ಎಲ್ಲೂ ತಡೆಯದೆ. ಎಂಥ ಹುಡುಗಿ ಇವಳು, ಎಂದುಕೊಳ್ಳುತ್ತಿದ್ದಳು. ಬಾಗಿಲಿಗೆ ಬಂದಾತನ ಪದವನ್ನು ಹೊಸಿಲು ದಾಟಿದಷ್ಟು ಸಲೀಸಾಗಿ ದಾಟಿ ಹೋಗುತ್ತಾಳೆ, ನಿಂತು ನೋಡುವುದೂ ಇಲ್ಲ. ಕಳೆದುಹೋದ ತಂಗಿಯ ಮೇಲೆ ಇರುವಂಥ ಮೋಹ ಅವಳ ಮೇಲೆ ಹುಟ್ಟುತ್ತಿತ್ತು. ಕೇಳಿದಷ್ಟು ಹೊತ್ತು ಸಾಲುಗಳೆಲ್ಲ ನೆನಪಾಗುತ್ತಿದ್ದವು. ಗುಂಡಿ ಒತ್ತಿ ನಿಲ್ಲಿಸಿದರೆ ಅವಳ ಹಿಂದೆಯೇ ಹೊರಟುಹೋಗುತ್ತಿದ್ದವು.

ಒಂದು ದಿನ ದನದ ಮನೆಗೆ ಬರುವ ಶೇವಂತಾ ಸಗಣಿ ಬುಟ್ಟಿ ಇಳಿಸಿ ನಗತೊಡಗಿದಳು.

“ನಿನ್ನಿ ಮೋಟರ ಶೆಡ್ಡಿನ ಹಂತ್ಯಾಕ ಹುಲ್ಲು ಕೊಯ್ಯಾಕ ಹೋಗಿದ್ನಿರಿ. ಒಳಗ ನಿಮ್ಮ ದನಿ! ನನ್ನ ಎದಿ ಧಸಕ್ ಅಂತು. ಮನ್ಯಾಗ ಮಲಗಿದಾಕಿ ಇಲ್ಲಿ ಹೆಂಗ ಬಂದ್ಲು ಅಂತ ಬಗ್ಗಿ ನೋಡಿದ್ರ, ಧಣ್ಯಾರು ಟೇಪ್ ಹಚ್ಕೊಂಡು ಕುಂತಾರು, ಕಣ್ಣು ಮುಚಗೊಂಡು.”

“ಮೋಟರ ಸಪ್ಪಳಕ್ಕ ಏನ ಕೇಳಿಸೀತು?” ಎಂದಳು ರಾಜಮತಿ.

“ಮೋಟರ ಬಂದ್ ಇತ್ರಿ.”

ರಾಜಮತಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಬಾಯಿಬಿಟ್ಟು ಹೊಗಳಿದವನಲ್ಲ. ಹೊಸತರಲ್ಲಿ ಅವಳು ರೊಟ್ಟಿ ಬಡಿಯುತ್ತ ಹಾಡಿಕೊಂಡರೆ ಅವನು ಅಡುಗೆಮನೆಯ ಹೊರಗೆ ಸುಮ್ಮನೆ ಎತ್ತಿನ ಹಗ್ಗ ಹೊಸೆಯುತ್ತ ಕೂಡುತ್ತಿದ್ದ. ಅದೇ ಅವನ ಮೆಚ್ಚುಗೆ. ಈಗಲೂ ಕೇಳಲು ಕೂಡುತ್ತಾನೆ, ಆದರೆ ಮನೆಯಿಂದ ಮೈಲು ದೂರದ ಶೆಡ್ಡಿನಲ್ಲಿ. ಸಿಟ್ಟು ಬರಲಿಲ್ಲ. ತಾನೂ ಅವಳನ್ನೇ ಹಂಬಲಿಸುತ್ತಿರುವಾಗ ಅವನ ಹಂಬಲಕ್ಕೆ ಏನೆನ್ನುವುದು? ಆದರೆ ಒಂದು ಮಾತು ಎದೆಯಲ್ಲಿ ಗಟ್ಟಿಯಾಯಿತು. ಈ ವರ್ಷ ತನ್ನ ಈಗಿನ ಬಾಯಿಂದ, ಆ ಸಂಧಿಯನ್ನು ಅವನು ಕೇಳುವ ಹಾಗೆ ಹೇಳಬೇಕು.

ಭಾದ್ರಪದ ಹಿಡಿಯುವ ಮುಂಚೆ ಜಿಟಿಜಿಟಿ ಮಳೆ ಹತ್ತಿತು. ಕಟ್ಟಿಗೆ, ಕುಳ್ಳು, ರವದಿ ಎಲ್ಲ ತೊಯ್ದು ಹೊಗೆ ಬಿಟ್ಟವೇ ಹೊರತು ಉರಿಯಲಿಲ್ಲ. ಬಾವಿಯ ನೀರನ್ನು ಹಾಗೇ ಎರೆದುಕೊಳ್ಳುವಂತಿಲ್ಲ. ಸೋಸಿ ಕುದಿಸದ ಹಸಿ ನೀರು ಮುಟ್ಟುವುದಿಲ್ಲವೆಂಬ ವ್ರತ ಆ ಇಬ್ಬರು ಹೆಂಗಸರದ್ದು. ಒಮ್ಮೆ ಚೆನ್ನಾಗಿ ಕುದಿಸಿದ ನೀರು ಮಾತ್ರ ಮರುದಿನದ ಅದೇ ಹೊತ್ತಿನವರೆಗೆ ನಡೆಯುತ್ತದೆ. ಹಿಂದಿನ ಮಧ್ಯಾಹ್ನ ಕುದಿಸಿಟ್ಟದ್ದು ತಾಮ್ರದ ಕೊಡದಲ್ಲಿ ಉಳಿದಿತ್ತು, ತಣ್ಣಗೆ ಆರಿ.

“ಇವತ್ತೊಂದಿನ ಇದನ್ನ ಹಾಕ್ಕೋ ರಾಜಿ,” ಎಂದು ಚಂದ್ರಮತಿ ಅಳುಮುಖ ಮಾಡಿದಳು. “ನಿನ್ನ ಕಾಲು ಹಿಡೀತಾವು ಅನ್ನೂದ ಹೆದರಿಕಿ.”

ಆ ತಣ್ಣೀರು ಎರೆದುಕೊಂಡಾಗ ಮೈ ನಡುಗಿತು. ಸೀರೆ ಉಟ್ಟುಕೊಂಡು ದನದ ಮನೆಯ ಕಟ್ಟೆಗೆ ಬಂದು ಕುಳಿತಳು. ಮೈ ಎಂದಿನಂತೆ ಕುಸಿಯಲಿಲ್ಲ. ಕಣ್ಣಿನ ಮಂಜು ಸ್ವಲ್ಪ ಸರಿದು ಎಮ್ಮೆಯ ಕೊಂಬಿನ ಗೆರೆಗಳು ಬೇರೆ ಬೇರೆ ಕಂಡವು. ಬಾಯಿ ತಾನಾಗಿ ಹಿಡಿಯಿತು:

ಬಾಗಿಲಿಗೆ ಬಂದಾತ ಬಲ್ಲವನಾದರೂ
ಕೂಗಲು ಹೆಸರಿಲ್ಲವಾಯ್ತು
ಮಾಗಿಯ ಹೊಳೆಯಂತೆ ಮಾತೆಲ್ಲ ತಳಕಿಳಿದು
ಸಾಗದೆ ನಿಂದಳು ಸಾಧ್ವಿ

ಮಾಗಿಯ ಹೊಳೆ! ಇಷ್ಟು ದಿನ ಇದಕ್ಕೇ ಅಲ್ಲವೇ ಬಾಗಿಲು ಬಡಿದದ್ದು. ಅವಳು ನಿಲ್ಲದೆ ಮುಂದಿನ ಕಡೆಯ ಪದವನ್ನೂ ಹೇಳಿ, ಮತ್ತೆ ಮೊದಲಿನಿಂದ ಹಿಡಿದಳು. ಶೇವಂತಾ ಹಾಲಿನ ಚರಗಿ ಹಿಡಿದು ನಿಂತು ಕೇಳಿದಳು.

“ಸಾಕ್ರಿ ಯವ್ವಾ, ಎಮ್ಮಿಗಿ ವೈರಾಗ್ಯ ಬಂದ್ರ ಹಾಲ ಯಾರ ಕೊಡ್ತಾರ?”

ಮರುದಿನ ಬಿಸಿಲು ಬಿತ್ತು, ಕಟ್ಟಿಗೆ ಉರಿಯಿತು, ಚಂದ್ರಮತಿ ಹಿಂದಿನ ದಿನದ ಬಾಕಿಯನ್ನೂ ಸೇರಿಸಿ ಸುಡುಸುಡು ನೀರು ಎರೆದಳು. ರಾಜಮತಿ ಬಚ್ಚಲಿನಿಂದ ಗೋಡೆ ಹಿಡಿದು ಬಂದು ಮಲಗಿದವಳು ಮಧ್ಯಾಹ್ನದವರೆಗೆ ಏಳಲಿಲ್ಲ. ಹೊಳೆ ಇತ್ತು, ಮಾಗಿ ಎಂಬ ಮಾತು ಹೋಗಿತ್ತು. ಮಲಗಿದಲ್ಲೇ ಡಾಕ್ಟರರ ಪ್ರಶ್ನೆ ನೆನಪಾಯಿತು. ಒಂದಕ್ಕೊಂದು ಕೂಡಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಕೂಡಿಸಿದ ಮೇಲೆ ಹೇಳಲು ಇನ್ನೂ ಹೊತ್ತು ಹಿಡಿಯಿತು.

“ಅಕ್ಕಾ, ನಾಳೆಯಿಂದ ನನಗ ಆರಿದ ನೀರ ಹಾಕು.”

“ಯಾಕ, ನನ್ನ ಕೈಯಾನ ನೀರು ಸೇರವಲ್ದೇನು?”

“ಬಿಸಿನೀರಿಗೇ ನನ್ನ ಬುದ್ಧಿ ಕರಗತೈತಿ. ಡಾಕ್ಟರ್ ಕೇಳಿದ್ದು ಅದನ್ನ.”

ಚಂದ್ರಮತಿ ಹಂಡೆಯ ಕಡೆ ನೋಡಿದಳು. ಅವಳ ಕೈಯಲ್ಲಿ ನಾಳೆಗೆಂದು ತಂದ ಬೇವಿನ ಟೊಂಗೆ ಇತ್ತು. ಅದರ ಎಲೆಗಳನ್ನು ಒಂದೊಂದಾಗಿ ಹರಿಯುತ್ತ ಕೆಳಗೇ ಕುಳಿತುಬಿಟ್ಟಳು.

“ಅಂದ್ರ ಇಷ್ಟು ವರ್ಷ ನಿನ್ನ ನಾನ ಸುಟ್ಟೆನೇನು?”

“ಇಲ್ಲಕ್ಕಾ.”

“ಅವರು ನಿನ್ನ ಕೇಳಿದ್ರು. ನಡುವ ಬಾಯಿ ಹಾಕಿದಾಕಿ ನಾ.”

“ನೀ ಎರೀಲಿಲ್ಲಂದ್ರ ನಾ ಅವತ್ತ ಹಾಸಿಗೀ ಬಿಟ್ಟು ಏಳತಿದ್ದಿಲ್ಲ,” ಎಂದಳು ರಾಜಮತಿ. ಅದು ಅರ್ಧ ಸುಳ್ಳು, ಅರ್ಧ ನಿಜ. ಚಂದ್ರಮತಿ ನಿಜದ ಅರ್ಧವನ್ನಷ್ಟೇ ತೆಗೆದುಕೊಂಡಳು. ಅಂದಿನಿಂದ ಮಧ್ಯಾಹ್ನವೇ ನೀರು ಕುದಿಸಿ, ಕೊಡಕ್ಕೆ ತುಂಬಿ, ಒದ್ದೆ ಬಟ್ಟೆ ಸುತ್ತಿ, ಮಗು ಮಲಗಿಸಿದಂತೆ ನೆರಳಲ್ಲಿ ಇಡತೊಡಗಿದಳು.

ಆರಿದ ನೀರೇನೂ ಬೇನೆ ತೆಗೆಯಲಿಲ್ಲ. ಒಂದು ದಿನ ಒಂದಿಷ್ಟು ಬಿಡುವು ಕೊಡುತ್ತಿತ್ತು, ಒಂದು ದಿನ ಅದೂ ಇಲ್ಲ. ಬಿಡುವು ಸಿಕ್ಕಾಗ ಅವಳು ಪದಗಳನ್ನು ಹೇಳಿಕೊಂಡಳು; ನಡುನಡುವೆ ಮಲಗಿದಳು; ಎದ್ದು ಮತ್ತೆ ಹೇಳಿದಳು. ದಣಿವನ್ನು ಕಾಡಿಸದೆ ಅದರ ಪಕ್ಕದಲ್ಲೇ ಸಂಸಾರ ಮಾಡುವುದನ್ನು ಕಲಿತಳು. ಭೀಮಗೊಂಡ ಅಂಗಳದಲ್ಲಿ ಕುಳಿತು ಹಗ್ಗ ಹೊಸೆಯುವುದನ್ನು ಮತ್ತೆ ಸುರುಮಾಡಿದ್ದ.

ಚತುರ್ದಶಿಯ ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಿತು. ಚಂದ್ರಮತಿ ತಣ್ಣನೆಯ ನೀರು ಎರೆದು, ಬಿಳಿ ಸೀರೆ ಉಡಿಸಿ, ಬಸ್ತಿಯವರೆಗೆ ಹೆಗಲು ಕೊಟ್ಟು ನಡೆಸಿದಳು. ಭೀಮಗೊಂಡ ಹಿಂದೆ ಬಂದ. ಅವನ ಕಂಕುಳಲ್ಲಿ ಟವೆಲ್ ಸುತ್ತಿದ ಟೇಪ್ ಇತ್ತು. ರಾವಸಾಹೇಬರು ತರಲು ಹೇಳಿದ್ದರು.

“ನಿಮಗೂ ಅದ ಬೇಕಾತೇನ್ರಿ?” ಎಂದು ಕೇಳಿದಳು ರಾಜಮತಿ, ಮೆಟ್ಟಿಲ ಹತ್ತಿರ.

“ನೀ ನಡುವ ಕೈಮುಗದು ಏಳೂದು ನೋಡಾಕ ಆಗೂದಿಲ್ಲ ನನಗ,” ಎಂದ ಅವನು, ಚಪ್ಪಲಿ ಬಿಡುತ್ತ.

ಬಸ್ತಿ ತುಂಬಿತ್ತು. ಕೆಂಪು ವಸ್ತ್ರದ ಪುಸ್ತಕ ಪೀಠದ ಮೇಲಿತ್ತು. ಅವಳು ಕುಳಿತು ಕಣ್ಣು ಮುಚ್ಚಿ, ಉಸಿರು ಹಿಡಿದು, ಬಿಟ್ಟು, ಸುರುಮಾಡಿದಳು. ದನಿ ಕ್ಯಾಸೆಟ್ಟಿನದಲ್ಲ. ಗಿಡ್ಡವಾಗಿತ್ತು, ಅಂಚು ಸವೆದಿತ್ತು, ಪದದ ತುದಿಗೆ ಬಂದಾಗ ಕುಳಿತು ಏಳುತ್ತಿತ್ತು. ಆದರೂ ನಡೆಯಿತು. ವ್ಯಾಪಾರಿ ಹಡಗು ಹತ್ತಿದ. ಹೆಂಡತಿ ದೀಪ ಹಚ್ಚಿದಳು, ಮಳೆಗಾಲ ಬಂತು, ಹೋಯಿತು. ಅವಳು ಅಂಜಿದ್ದ ಪದ ಹತ್ತಿರ ಬಂತು. ಬಾಗಿಲಿಗೆ ಬಂದಾತ. ಕೂಗಲು ಹೆಸರಿಲ್ಲ. ಮಾಗಿಯ ಹೊಳೆ. ಸಾಗದೆ ನಿಂದಳು ಸಾಧ್ವಿ. ದಾಟಿದಳು. ಹೆಂಗಸರ ಸಾಲಿನಲ್ಲಿ ಚಂದ್ರಮತಿಯ ಉಸಿರು ಬಿಟ್ಟ ಸದ್ದು ಕೇಳಿಸಿತು.

ಕಾವಲಿದ್ದ ಬಾಗಿಲಿಂದ ಕಳ್ಳ ಬರಲಿಲ್ಲ, ಕಾವಲಿಲ್ಲದ ಕಡೆಯಿಂದ ಬಂದ. ಅದರ ಮರುಪದದಲ್ಲಿ, ಎಂದೂ ತಪ್ಪದ, ಮಕ್ಕಳಿಗೂ ಬರುವ ಕಡೆಯ ಪದದಲ್ಲಿ, ಹೊಸಿಲಲ್ಲಿ ನಿಂತವಳು ಬಾಯಿ ತೆರೆದು ಆಡುವ ಮೊದಲ ಮಾತಿನಲ್ಲಿ, ಎಲ್ಲ ಬರಿದಾಯಿತು.

ಅವಳು ಕಾದಳು. ದಣಿವು ಬೆನ್ನ ಹಿಂದಿನಿಂದ ಬಂದು ಎರಡೂ ಹೆಗಲ ಮೇಲೆ ಕೈ ಇಟ್ಟಿತು. ಯಾರೂ ಮಾತು ಎತ್ತಿಕೊಡಲಿಲ್ಲ. ಬಸ್ತಿಯ ಜನಕ್ಕೆಲ್ಲ ಆ ಮಾತು ಗೊತ್ತಿತ್ತು. ಹಲ್ಲು ಕಚ್ಚಿ ಹಿಡಿದಿದ್ದರು. ಒಬ್ಬಾಕೆ ಬಳೆ ಸದ್ದಾಗದಂತೆ ಒತ್ತಿ ಹಿಡಿದಳು. ದೀಪ ಉರಿಯಿತು. ಹೊರಗೆ ಕಬ್ಬಿನ ಮೇಲಿಂದ ಗಾಳಿ ಬಂದು ಹೋಯಿತು. ರಾಜಮತಿಯ ತುಟಿಗಳು ಕೂಡಿದವು, ಬಿಟ್ಟವು, ಮಾತು ಬರಲಿಲ್ಲ. ಆದರೆ ಅವಳ ಎರಡು ಕೈಗಳೂ ತೊಡೆಯ ಮೇಲೇ ಇದ್ದವು, ಮುಗಿಯಲು ಏಳಲಿಲ್ಲ. ಕತೆಯ ಬಾಗಿಲಲ್ಲಿ ಅವನು ನಿಂತಿದ್ದಾನೆ. ಇವಳು ಇತ್ತ ನಿಂತಿದ್ದಾಳೆ. ಕ್ಯಾಸೆಟ್ಟಿನ ಹುಡುಗಿ ಇಲ್ಲಿ ಒಂದು ಉಸಿರೂ ನಿಂತವಳಲ್ಲ.

ರಾವಸಾಹೇಬರು ಬಹಳ ಹೊತ್ತು ತಡೆದರು. ಆಮೇಲೆ ಮಗಳಿಗೆ ಹೇಳುವಂತೆ ಮೆಲ್ಲಗೆ ಹೇಳಿದರು.

“ರಾಜವ್ವಾ, ಸಾಕವ್ವ. ನಿನ್ನದ ದನಿ ಐತಿ, ಎಂಜಲ ಅಲ್ಲ. ಉಳದದ್ದು ಹಚ್ಚೂಣೇನು?”

ಟವೆಲ್ ಬಿಚ್ಚಿತ್ತು. ಭೀಮಗೊಂಡನ ಹೆಬ್ಬೆರಳು ಗುಂಡಿಯ ಮೇಲಿತ್ತು. ಅವನ ಕಣ್ಣು ಅವಳ ಮೇಲಿತ್ತು, ಬೇಡುವ ಹಾಗೆ. ರಾಜಮತಿ ಅವನನ್ನೇ ನೋಡಿದಳು.

“ಒಲ್ಲೆರಿ,” ಅಂದಳು. “ಹಚ್ಚಬ್ಯಾಡ್ರಿ. ಬರೂತನಕ ಕಾಯತೇನಿ.”